ಬಿಕರ್ನಕಟ್ಟೆಯ ನೆಲವೂ 1837ರ ನೆನಪೂ

(ಇಗರ್ಜಿಯ ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಇಗರ್ಜಿಯ ಅಂಗಳದಲ್ಲಿ ನಿಂತವರ ನಾಲಿಗೆಗೆ ಕೃತಜ್ಞತೆಯ ಮಾತೇ ಮೊದಲು ಬರುವುದು ಸಹಜ. ಆ ಕೃತಜ್ಞತೆಯನ್ನು ಇಂದಿನ ಬಲಿಪೂಜೆಯಲ್ಲಿ ನಾವೆಲ್ಲರೂ ಒಂದೇ ಮನಸ್ಸಿನಿಂದ ದೇವರಿಗೆ ಸಲ್ಲಿಸಿದ್ದೇವೆ. ಇಗರ್ಜಿಯನ್ನು ಕಟ್ಟಿದವರ, ನಡೆಸಿದವರ ಗುಣಗಾನವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಉಚಿತವಾಗಿಯೇ ಮಾಡಿದ್ದಾರೆ. ಆದುದರಿಂದ ನಾವು ಇಗರ್ಜಿಗಿಂತಲೂ ಹಳೆಯದಾದ ಒಂದು ವಿಷಯವನ್ನು, ಈ ಊರಿನ ನೆಲವೇ ಕಂಡ ಒಂದು ದುಃಖವನ್ನು, ತಮ್ಮ ಮುಂದಿಡಲು ಬಯಸುತ್ತೇವೆ. ಉತ್ಸವದ ದಿನ ದುಃಖದ ಮಾತೇಕೆ ಎಂದು ಯಾರಾದರೂ ಕೇಳಿಯಾರು. ನೂರು ವರ್ಷವೆಂಬುದು ಒಂದು ಸಮುದಾಯವು ತನ್ನ ನೆನಪನ್ನು ಬರೆದಿಡುವ ಕಾಲ. ನೆನಪನ್ನು ಹೇಗೆ ಬರೆದಿಡಬೇಕು ಎಂಬ ಪ್ರಶ್ನೆಯೇ ಇಂದು ನಮ್ಮನ್ನು ಕಾಡುತ್ತಿದೆ.

ಬಿಕರ್ನಕಟ್ಟೆ ಎಂದೊಡನೆ ಇಂದು ಜನರಿಗೆ ನೆನಪಾಗುವುದು ಕಾರ್ಮೆಲ್ ಗುಡ್ಡ, ಬಾಲಯೇಸುವಿನ ಪುಣ್ಯಕ್ಷೇತ್ರ, ಅಲ್ಲಿಗೆ ಜಾತಿಮತ ಭೇದವಿಲ್ಲದೆ ಮೇಣದ ಬತ್ತಿ ಹಿಡಿದು ಬರುವ ಭಕ್ತಸಮೂಹ. ಆದರೆ 1837ರಲ್ಲಿ ಈ ಹೆಸರು ಬೇರೆಯೇ ಕಾರಣಕ್ಕಾಗಿ ಜನರ ಬಾಯಲ್ಲಿತ್ತು. ಆಂಗ್ಲರ ವಿರುದ್ಧ ದಂಗೆಯೆದ್ದವರ ನಾಯಕರನ್ನು ಆ ವರ್ಷ ಗಲ್ಲಿಗೇರಿಸಿದ್ದು ಇದೇ ಬಿಕರ್ನಕಟ್ಟೆಯಲ್ಲಿ. ಒಂದು ಕಾಲದಲ್ಲಿ ನೇಣುಗಂಬ ನಿಂತ ಊರಿನಲ್ಲಿ ಇಂದು ಪ್ರಾರ್ಥನೆಯ ಗಂಟೆ ಕೇಳಿಸುತ್ತಿದೆ. ಈ ಎರಡರ ನಡುವಿನ ಕಥೆಯನ್ನು ನಮ್ಮ ಮಕ್ಕಳು ಅರಿಯದೆ ಬೆಳೆಯಬಾರದು.

ದಂಗೆಯ ಕಾರಣವನ್ನು ಮೊದಲು ತಿಳಿಯೋಣ. 1834ರಲ್ಲಿ ಆಂಗ್ಲರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಆ ರಾಜ್ಯವನ್ನು ತಮ್ಮದಾಗಿಸಿಕೊಂಡರು. ಅದುವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಮಂಗಳೂರಿನಲ್ಲಿದ್ದ ಕಲೆಕ್ಟರರ ಕೈಗೆ ಬಂದವು. ಅರಸರ ಕಾಲದಲ್ಲಿ ಬೆಳೆದ ಬೆಳೆಯನ್ನೇ ಕಂದಾಯವಾಗಿ ಕೊಡುತ್ತಿದ್ದ ರೈತನು ಈಗ ನಗದು ಹಣವನ್ನು ಎಣಿಸಬೇಕಾಯಿತು. ಹಣವೆಂಬುದು ಮಲೆನಾಡಿನ ರೈತನ ಮನೆಯಲ್ಲಿ ಎಲ್ಲಿಂದ ಬರಬೇಕು? ಸುಗ್ಗಿಯಲ್ಲಿ ಸಿಕ್ಕಿದ ಬೆಲೆಗೆ ಭತ್ತ ಮಾರಬೇಕು, ಇಲ್ಲವೇ ಸಾಲಗಾರನ ಬಾಗಿಲಿಗೆ ಹೋಗಬೇಕು. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಸರಕಾರದ ಏಕಸ್ವಾಮ್ಯವಾಗಿತ್ತು. ಕೊಡಗಿನ ಅರಸುಮನೆತನಕ್ಕೆ ನಿಷ್ಠರಾಗಿದ್ದವರ ಅಸಮಾಧಾನವೂ ರೈತರ ಈ ಕಷ್ಟವೂ ಒಂದುಗೂಡಿ ಕಿಡಿ ಹೊತ್ತಿತು.

ಕಲ್ಯಾಣಸ್ವಾಮಿ ಎಂಬ ಹೆಸರನ್ನು ಧರಿಸಿದ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು, ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು 1837ರ ಮಾರ್ಚ್ ತಿಂಗಳ ಕೊನೆಯಲ್ಲಿ ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಪುತ್ತೂರಿನವರೆಗೆ ಸಿಪಾಯಿಗಳೊಡನೆ ಹೋದ ಕಲೆಕ್ಟರರು ಎದುರಾಳಿಗಳ ಬಲವನ್ನು ಕಂಡು ಮಂಗಳೂರಿಗೆ ಹಿಂದಿರುಗಬೇಕಾಯಿತು. ಬಂಗರಸ ಮನೆತನದ ಲಕ್ಷ್ಮಪ್ಪ ಬಂಗರಸನೂ ದಂಡನ್ನು ಸೇರಿಕೊಂಡನು. ಏಪ್ರಿಲ್ 5ರಂದು ಬಂಡಾಯಗಾರರು ಮಂಗಳೂರನ್ನು ಹೊಕ್ಕು, ಇಂದು ಬಾವುಟಗುಡ್ಡವೆಂದು ಕರೆಯಲಾಗುವ ಎತ್ತರದಲ್ಲಿ ತಮ್ಮ ಧ್ವಜವನ್ನು ಏರಿಸಿದರು. ಹದಿಮೂರು ದಿನಗಳ ಕಾಲ ಪಟ್ಟಣದಲ್ಲಿ ಅವರದೇ ಮಾತು ನಡೆಯಿತೆಂದು ಹೇಳುವುದು ವಾಡಿಕೆ.

ಆ ದಿನಗಳಲ್ಲಿ ಇಲ್ಲಿದ್ದ ಆಂಗ್ಲರ ಪಾಡೇನು? ಸ್ವಾತಂತ್ರ್ಯದ ಕಥೆ ಹೇಳುವಾಗ ನಾವು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅವರು ಬೆರಳೆಣಿಕೆಯ ಕುಟುಂಬಗಳು. ಸ್ವದೇಶದಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ದೂರ. ತಂತಿಯಿಲ್ಲ, ರೈಲಿಲ್ಲ. ಹತ್ತಿರದ ದೊಡ್ಡ ದಂಡಿನ ನೆಲೆಯೆಂದರೆ ದಕ್ಷಿಣದ ಕಣ್ಣೂರು. ಅಲ್ಲಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಸೈನ್ಯ ಬರುವವರೆಗೆ ಸ್ವಂತ ಪ್ರಾಣವನ್ನು ಸ್ವತಃ ಕಾಯ್ದುಕೊಳ್ಳಬೇಕು. ಪಟ್ಟಣದಲ್ಲಿ ಸರಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಅಧಿಕಾರಿಗಳ ಬಂಗಲೆಗಳು ಉರಿದವು. ಸೆರೆಮನೆಯ ಬಾಗಿಲು ತೆರೆದು ಕೈದಿಗಳು ಹೊರಬಂದರು. ಸಿವಿಲ್ ಅಧಿಕಾರಿಗಳು ಮನೆಮಾರು ಬಿಟ್ಟು ಹಡಗು ಹತ್ತಿ ಕಣ್ಣೂರಿನತ್ತ ಹೊರಟರು. ಉಳಿದ ಸಣ್ಣ ಸೇನಾ ತುಕಡಿ ತನ್ನ ನೆಲೆಯನ್ನು ಕಾಯ್ದುಕೊಂಡು ನೆರವಿನ ದಾರಿ ನೋಡಿತು.

ಏಪ್ರಿಲ್ ತಿಂಗಳ ಮಂಗಳೂರಿನ ಬಿಸಿಲನ್ನು ನಾವು ಬಲ್ಲೆವು. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು, ಕಡಲ ಮೇಲಿಂದ ತಮ್ಮ ಮನೆಯ ಕಡೆಗೆ ಏಳುವ ಹೊಗೆಯನ್ನು ಕಂಡವರ ಎದೆಯ ಸಂಕಟವನ್ನು ಊಹಿಸುವುದು ನಮಗೆ ಕಷ್ಟವಾಗಬಾರದು. ಅವರು ಈ ನಾಡನ್ನು ಆಳಲು ಬಂದವರು, ಅನ್ಯಾಯದ ಕಂದಾಯ ಎತ್ತಿದ ಆಡಳಿತಕ್ಕೆ ಸೇರಿದವರು ಎಂಬುದು ನಿಜ. ಆದರೂ ಮನೆ ಸುಟ್ಟಾಗ ಮನುಷ್ಯನಿಗೆ ಆಗುವ ನೋವಿಗೆ ಆಳುವವ, ಆಳಿಸಿಕೊಳ್ಳುವವ ಎಂಬ ಭೇದವಿಲ್ಲ.

ಈ ಸಂಕಟವನ್ನು ಅರಿಯಲು ನಮಗೆ ವಿಶೇಷ ಕಾರಣವೊಂದಿದೆ. 1837ರ ಪುನರುತ್ಥಾನದ ಹಬ್ಬ ಮಾರ್ಚ್ 26ರಂದು ಬಿದ್ದಿತ್ತು. ಬಾವುಟಗುಡ್ಡದ ಮೇಲೆ ಧ್ವಜ ಏರಿದ್ದು ಹಬ್ಬ ಕಳೆದು ಹತ್ತೇ ದಿನಗಳಲ್ಲಿ. ಆ ಹಬ್ಬದ ಪೂಜೆಗೆ ಬಂದ ವೃದ್ಧರಲ್ಲಿ ಶ್ರೀರಂಗಪಟ್ಟಣದ ಸೆರೆಯನ್ನು ಕಂಡವರಿದ್ದ ಕಾಲವದು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಜಿಲ್ಲೆಯ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಲಾಯಿತು. ಇಗರ್ಜಿಗಳು ನೆಲಸಮವಾದವು. ಬದುಕುಳಿದವರು ಊರಿಗೆ ಹಿಂದಿರುಗಲು ಸಾಧ್ಯವಾದದ್ದು 1799ರಲ್ಲಿ ಸುಲ್ತಾನನು ಮಡಿದ ಮೇಲೆ. ಐದು ವರ್ಷದ ಬಾಲಕನಾಗಿ ತಾಯಿಯ ಕೈಹಿಡಿದು ಆ ದಾರಿ ನಡೆದವನಿಗೆ 1837ರಲ್ಲಿ ಐವತ್ತೆಂಟು ವಯಸ್ಸು. ದಂಡು ಬರುತ್ತಿದೆಯೆಂಬ ಕೂಗು ಕಿವಿಗೆ ಬಿದ್ದಾಗ ಅಂಥ ಮುದುಕನ ಮನಸ್ಸಿನಲ್ಲಿ ಏನು ಎದ್ದಿರಬಹುದು? ಮನೆ ಕಳೆದುಕೊಳ್ಳುವುದೆಂದರೇನು ಎಂಬುದನ್ನು ನಮ್ಮ ಜನ ಪುಸ್ತಕದಿಂದ ಕಲಿತವರಲ್ಲ.

ಕಣ್ಣೂರಿನಿಂದ ಸೈನ್ಯ ಬಂದಿತು. ದಂಗೆ ಅಡಗಿತು. ಇನ್ನು ಉಳಿದದ್ದು ಲೆಕ್ಕ ತೀರಿಸುವ ಕೆಲಸ. ಕಲ್ಯಾಣಸ್ವಾಮಿಯೆಂದು ಹೆಸರಾದವನನ್ನೂ, ಲಕ್ಷ್ಮಪ್ಪ ಬಂಗರಸನನ್ನೂ, ಅವರ ಸಂಗಡಿಗರನ್ನೂ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಇತರರನ್ನು ಕಡಲಾಚೆಗೆ ಗಡೀಪಾರು ಮಾಡಿದರು. ಮಂಗಳೂರಿನಲ್ಲಿ ಸುಟ್ಟ ಬಂಗಲೆ ಮತ್ತೆ ಎದ್ದಿತು; ಕಚೇರಿಗೆ ಹೊಸ ಮಾಡು ಬಂದಿತು. ಸರಕಾರದ ಪಕ್ಷದಲ್ಲಿ ನಿಂತ ಕೊಡಗಿನವರಿಗೆ ಚಿನ್ನದ, ಬೆಳ್ಳಿಯ ಪದಕಗಳು ದೊರೆತವು. ಆದರೆ ನೇಣುಗಂಬದಿಂದ ಇಳಿಸಿದವನ ಮನೆಯಲ್ಲಿ ಅನ್ನದ ಗಡಿಗೆ ಹೇಗೆ ಏರಿತು ಎಂಬುದನ್ನು ಯಾವ ಕಡತ ಬರೆದಿಟ್ಟಿತು? ಒಬ್ಬರ ನಷ್ಟಕ್ಕೆ ಪಟ್ಟಿಯಿದೆ. ಇನ್ನೊಬ್ಬರ ನಷ್ಟಕ್ಕೆ ಅಜ್ಜಿಯರ ಕಣ್ಣೀರು ಮಾತ್ರ ಸಾಕ್ಷಿ.

ಈ ದಂಗೆಗೆ ನಮ್ಮ ಸೀಮೆಯಲ್ಲಿ ಇಟ್ಟ ಹೆಸರನ್ನೇ ನೋಡಿರಿ. 'ಕಲ್ಯಾಣಪ್ಪನ ಕಾಟಕಾಯಿ' ಎಂದರು. ಕಾಟಕಾಯಿಯೆಂದರೆ ಲೂಟಿ, ಸುಲಿಗೆ. ದಂಡು ಹೋದ ದಾರಿಯಲ್ಲಿ ಬಡವರೂ ಹೆದರಿದ್ದರೆಂಬುದಕ್ಕೆ ಆ ಮಾತು ಗುರುತು. ಗೆದ್ದವರಿಗೂ ಆ ಹೆಸರು ಒಪ್ಪಿಗೆಯಾಯಿತು. ಇತ್ತೀಚಿನ ದಶಕಗಳಲ್ಲಿ ವಿದ್ವಾಂಸರು ಇದನ್ನು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಕರೆಯತೊಡಗಿದರು. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಸ್ಥಾಪನೆಯಾಯಿತು. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಗೆ ಹೋಗುವ ನಮ್ಮ ಮಕ್ಕಳು ದಿನವೂ ಅದರ ಆಸುಪಾಸಿನಲ್ಲಿ ನಡೆದಾಡುತ್ತಾರೆ. ಎರಡು ಹೆಸರುಗಳಲ್ಲಿ ಯಾವುದು ಸರಿ? ನಮಗೆ ತೋರುವಂತೆ, ನ್ಯಾಯಕ್ಕಾಗಿ ಎದ್ದವರ ಧೈರ್ಯವೂ ನಿಜ, ಆ ದಿನಗಳಲ್ಲಿ ಮನೆ ಕಳೆದುಕೊಂಡವರ ಭಯವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಅಳಿಸಿದರೆ ಏನಾಗುತ್ತದೆ, ಹಿಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಐರ್ಲೆಂಡಿನ ಉದಾಹರಣೆಯನ್ನು ತಮ್ಮ ಮುಂದಿಡುತ್ತೇವೆ. ಅದು ನಮ್ಮದೇ ಕಥೋಲಿಕ ಧರ್ಮದವರ ಕಥೆ. ಆದುದರಿಂದಲೇ ಅದನ್ನು ಎಚ್ಚರದಿಂದ ಕೇಳಬೇಕು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆಂಗ್ಲ ಸರಕಾರವು ಅಲ್ಸ್ಟರ್ ಪ್ರಾಂತದ ಕಥೋಲಿಕರ ಭೂಮಿಯನ್ನು ಕಿತ್ತು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ಬಂದ ಪ್ರಾಟೆಸ್ಟಂಟ್ ವಲಸೆಗಾರರಿಗೆ ಹಂಚಿತು. 1641ರ ಅಕ್ಟೋಬರ್‌ನಲ್ಲಿ ಐರಿಷ್ ಕಥೋಲಿಕರು ದಂಗೆಯೆದ್ದರು. ವಲಸೆಗಾರರ ದನಕರು, ಧಾನ್ಯ, ಮನೆಗಳು ಹೋದವು. ಎಷ್ಟೋ ಜನರ ಮೈಮೇಲಿನ ಬಟ್ಟೆಯನ್ನೂ ಸುಲಿದು ಚಳಿಗಾಲದ ದಾರಿಗೆ ನೂಕಿದರು. ಪೋರ್ಟಡೌನ್ ಎಂಬಲ್ಲಿ ಸುಮಾರು ನೂರು ಮಂದಿಯನ್ನು ಸೇತುವೆಯಿಂದ ನದಿಗೆ ತಳ್ಳಿ ಕೊಂದರು. ಹೀಗೆ ಮಾಡಿದವರು ನಮ್ಮ ಧರ್ಮದವರೆಂಬ ಕಾರಣಕ್ಕೆ ಅದನ್ನು ಸಣ್ಣದು ಮಾಡಿ ಹೇಳುವುದು ಸತ್ಯಕ್ಕೆ ದ್ರೋಹ.

ಬದುಕುಳಿದವರು ಡಬ್ಲಿನ್ ನಗರಕ್ಕೆ ಬಂದು ಅಧಿಕಾರಿಗಳ ಮುಂದೆ ತಮ್ಮ ನಷ್ಟವನ್ನು ಪ್ರಮಾಣ ಮಾಡಿ ಹೇಳಿದರು. ಎಷ್ಟು ಹಸು, ಎಷ್ಟು ಧಾನ್ಯ, ಯಾರಿಂದ ಬರಬೇಕಾದ ಎಷ್ಟು ಸಾಲ, ಸತ್ತವರು ಯಾರು ಎಂದು ಬರೆಸಿದ ಸುಮಾರು 8,000 ಹೇಳಿಕೆಗಳು ಇಂದಿಗೂ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ. ಅವು ನಿಜವಾದ ನೋವಿನ ಕಾಗದಗಳು. ಆದರೆ ಮುಂದೆ ಅವುಗಳ ಗತಿಯೇನಾಯಿತು? ಸರ್ ಜಾನ್ ಟೆಂಪಲ್ ಎಂಬಾತನು 1646ರಲ್ಲಿ ಅವುಗಳಿಂದ ಆಯ್ದು ಪುಸ್ತಕ ಬರೆದನು. ಇಂದಿನ ಇತಿಹಾಸಕಾರರು ದಂಗೆಯಲ್ಲಿ ಕೊಲೆಯಾದ ವಲಸೆಗಾರರು ಕೆಲವು ಸಾವಿರ ಮಂದಿ ಎನ್ನುತ್ತಾರೆ. ಅಂದಿನ ಪ್ರಚಾರದಲ್ಲಿ ಆ ಸಂಖ್ಯೆ ಲಕ್ಷವನ್ನೂ ಮೀರಿ ಬೆಳೆಯಿತು. 1649ರಲ್ಲಿ ಕ್ರಾಮ್ವೆಲ್ ಡ್ರೊಹೆಡಾ ಪಟ್ಟಣದಲ್ಲಿ ನಡೆಸಿದ ಕೊಲೆಗೆ ಈ ಸೇಡೇ ನೆಪವಾಯಿತು. ಆ ಬಳಿಕ ವರ್ಷವರ್ಷವೂ ಅಕ್ಟೋಬರ್ 23ರಂದು ಅಲ್ಲಿನ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ದಂಗೆಯ ನೆನಪಿನ ಉಪದೇಶ ನಡೆಯುತ್ತಿತ್ತು. ಸತ್ತವರಿಗಾಗಿ ಪ್ರಾರ್ಥಿಸಬೇಕಾದ ದಿನ ನೆರೆಯವನನ್ನು ದ್ವೇಷಿಸುವ ಪಾಠವಾಯಿತು. ಆ ವಿಷದ ಫಲವನ್ನು ಐರ್ಲೆಂಡಿನ ಎರಡೂ ಪಂಗಡಗಳು ಶತಮಾನಗಳ ಕಾಲ ಉಂಡವು.

ಮಂಗಳೂರಿನಲ್ಲಿ ಐರ್ಲೆಂಡಿನಂಥ ಹತ್ಯಾಕಾಂಡ ನಡೆಯಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಪಾಠ ನಮಗೂ ಸಲ್ಲುತ್ತದೆ. ನಮ್ಮ ಮನೆಗಳಲ್ಲಿಯೂ ಶ್ರೀರಂಗಪಟ್ಟಣದ ಸೆರೆಯ ಕಥೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಅದನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ, ಮರೆಯಲೂಬಾರದು. ಆ ದಾರಿಯಲ್ಲಿ ಮಡಿದವರು ನಮ್ಮ ರಕ್ತಸಂಬಂಧಿಗಳು. ಆದರೆ ಅದನ್ನು ಮಕ್ಕಳಿಗೆ ಹೇಳುವಾಗ ನಮ್ಮ ಧ್ವನಿ ಹೇಗಿರುತ್ತದೆ? ಇನ್ನೂರು ವರ್ಷಗಳ ಹಿಂದಿನ ಒಬ್ಬ ಅರಸನ ಆಜ್ಞೆಗೆ ಇಂದು ನಮ್ಮ ಬೇಲಿಯಾಚೆ ವಾಸಿಸುವ, ನಮ್ಮ ಮನೆಯ ಮದುವೆಗೆ ಬಂದು ಹರಸುವ, ಸಾವಿಗೆ ಬಂದು ಹೆಗಲು ಕೊಡುವ ನೆರೆಯವನನ್ನು ಹೊಣೆ ಮಾಡುತ್ತೇವೆಯೇ? ಸಂಖ್ಯೆಗಳನ್ನು ಹಿಗ್ಗಿಸಿ ಹೇಳುವ ಆಸೆ ನಮ್ಮಲ್ಲಿಯೂ ಇಲ್ಲವೇ? ಈ ಪ್ರಶ್ನೆಗಳನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಾಕ್ಷಿಯ ಮುಂದಿಟ್ಟುಕೊಳ್ಳಬೇಕು.

ಶಿಲುಬೆಯ ಮೇಲೆ ತೂಗುತ್ತಿದ್ದಾಗ ನಮ್ಮ ಪ್ರಭು ತನ್ನನ್ನು ಕೊಲ್ಲುತ್ತಿದ್ದವರಿಗಾಗಿ ಪಿತನಲ್ಲಿ ಕ್ಷಮೆ ಬೇಡಿದನು. ಮರಣದಂಡನೆಗೆ ಗುರಿಯಾದವನನ್ನೇ ದೇವರೆಂದು ಆರಾಧಿಸುವ ನಮಗೆ ಬಿಕರ್ನಕಟ್ಟೆಯ ನೇಣುಗಂಬ ಪರಕೀಯವಾಗಬಾರದು. ಅಲ್ಲಿ ಮಡಿದವರು ನಮ್ಮ ಧರ್ಮದವರಲ್ಲ ಎಂಬ ಕಾರಣಕ್ಕೆ ನಮ್ಮ ಪ್ರಾರ್ಥನೆಯಿಂದ ಹೊರಗುಳಿಯಬಾರದು. ಹಾಗೆಯೇ ಹಡಗು ಹತ್ತಿ ಓಡಿದ ಆಂಗ್ಲ ಕುಟುಂಬಗಳೂ ಹೊರಗುಳಿಯಬಾರದು.

ಆದುದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ಎರಡು ಬಿನ್ನಹಗಳನ್ನು ಮಾಡಿಕೊಳ್ಳುತ್ತೇವೆ. ಮೊದಲನೆಯದು, ಪ್ರತಿ ವಾಳೆಯ ಯುವಜನರು ತಮ್ಮ ಹಿರಿಯರ ಬಳಿ ಕುಳಿತು ಮನೆತನದ ನೆನಪುಗಳನ್ನು ಬರೆದಿಡಲಿ; ಕೇಳಿದ್ದನ್ನು ಕೇಳಿದಂತೆ, ಹಿಗ್ಗಿಸದೆ, ಕುಗ್ಗಿಸದೆ ಬರೆಯಲಿ. ನಾವು ಅನುಭವಿಸಿದ್ದನ್ನು ಬರೆಯುವಾಗ ನೆರೆಯವರು ನಮಗೆ ಮಾಡಿದ ಉಪಕಾರವನ್ನೂ ಬರೆಯಲಿ. ಎರಡನೆಯದು, ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ದಿನ ನಾವು ಸ್ವಂತದವರ ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುತ್ತೇವಲ್ಲ, ಅಂದು ಒಂದು ಬತ್ತಿಯನ್ನು ಹೆಚ್ಚಾಗಿ ಹಚ್ಚೋಣ. ಈ ಊರಿನಲ್ಲಿ 1837ರಲ್ಲಿ ಪ್ರಾಣ ಬಿಟ್ಟವರಿಗಾಗಿ, ಅದೇ ವರ್ಷ ಇಲ್ಲಿಂದ ಮನೆ ಬಿಟ್ಟು ಹೋದವರಿಗಾಗಿ, ಸಮಾಧಿಯ ಮೇಲೆ ಹೆಸರು ಬರೆಯುವವರಿಲ್ಲದೆ ಹೋದ ಎಲ್ಲರಿಗಾಗಿ ಅದು ಬೆಳಗಲಿ.

ಮುಂದಿನ ನೂರು ವರ್ಷಗಳು ತುಂಬುವಾಗ ನಮ್ಮಲ್ಲಿ ಯಾರೂ ಇರುವುದಿಲ್ಲ. ಅಂದು ಇದೇ ಅಂಗಳದಲ್ಲಿ ನಿಲ್ಲುವ ಮೊಮ್ಮಕ್ಕಳ ಮಕ್ಕಳು, ನಮ್ಮ ಹಿರಿಯರು ಸತ್ಯವನ್ನೇ ಬರೆದಿಟ್ಟರು, ಯಾರ ಮೇಲೂ ಹಗೆಯನ್ನು ಬಿಟ್ಟುಹೋಗಲಿಲ್ಲ ಎಂದು ಹೇಳುವಂತಾಗಲಿ. ಅದಕ್ಕೆ ಬೇಕಾದ ಕೃಪೆಯನ್ನು ಬಾಲಯೇಸು ನಮಗೆಲ್ಲರಿಗೂ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇವೆ.