ಒಡವೆಯನ್ನು ಮಾರಿಕೊಡಲು ಒಪ್ಪಿಸುವ ಮುನ್ನ

ನಮ್ಮ ನಜರ್‌ಬಾದಿನ ಹೆಸರಿನಲ್ಲೇ ‘ನಜರು’ ಇದೆ. ಎಂದರೆ ನೋಟ, ದೃಷ್ಟಿ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಆ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟಿದ್ದ. 1799ರಲ್ಲಿ ಅವನು ಮಡಿದ ಮೇಲೆ ಅದೇ ಕಲ್ಲುಗಳು ಮತ್ತೆ ಮೈಸೂರಿಗೆ ಮರಳಿದುವು. ಹೋದ ಕಲ್ಲು ಮರಳಿ ಬಂದೀತು; ಮನೆಯಿಂದ ಹೊರಟ ಒಡವೆ ಹಾಗೆ ಮರಳುವುದು ಅಪರೂಪ. ಆದ್ದರಿಂದ ಅದು ಹೊಸ್ತಿಲು ದಾಟುವ ಮೊದಲೇ ನಮ್ಮ ನಜರು ಅದರ ಮೇಲಿರಬೇಕು.

ಈಚೆಗೆ ನಮ್ಮ ಬೀದಿಯ ವೃದ್ಧೆಯೊಬ್ಬರು ಬಟ್ಟೆಯಲ್ಲಿ ಸುತ್ತಿದ ಕೆಂಪಿನ ಅಡ್ಡಿಕೆಯೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಮೊಮ್ಮಗನ ಕಾಲೇಜು ಫೀಜಿಗೆ ಹಣ ಬೇಕಾಗಿತ್ತು. ಅಂಗಡಿಯವರೊಬ್ಬರು ಹೇಳಿದ್ದರಂತೆ: “ಈಗಲೇ ಕೊಟ್ಟರೆ ಚಿನ್ನದ ಬೆಲೆ ಮಾತ್ರ. ನಮ್ಮಲ್ಲೇ ಇಟ್ಟುಹೋದರೆ ಒಳ್ಳೆಯ ಗಿರಾಕಿಗೆ ಮಾರಿ, ನಮ್ಮ ಕಮಿಷನ್ ಹಿಡಿದುಕೊಂಡು ಉಳಿದದ್ದು ಕೊಡುತ್ತೇವೆ.” “ಯಾವುದು ಲಾಭ ಮಗು?” ಎಂದು ಅಜ್ಜಿ ಕೇಳಿದರು. ಇಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಅಂದು ಹಾಕಿದ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಈ ಎರಡು ದಾರಿಗಳ ಭೇದವನ್ನು ತಿಳಿಯೋಣ. ನೇರವಾಗಿ ಮಾರಿದರೆ ಒಡವೆಯೂ ಹೋಯಿತು, ಅದರ ಚಿಂತೆಯೂ ಹೋಯಿತು. ಹಣ ಕೈಗೆ ಬಂತು. ಕಮಿಷನ್ ಮೇಲೆ ಮಾರಲು ಕೊಟ್ಟರೆ, ಮಾರಾಟವಾಗುವ ತನಕ ಒಡವೆ ನಿಮ್ಮದೇ. ಅಂಗಡಿಯವನು ನಿಮ್ಮ ಪರವಾಗಿ ಮಾರುವವನು ಮಾತ್ರ. ಒಡೆತನ ನಿಮ್ಮದಾದ್ದರಿಂದ ನಷ್ಟದ ಭಯವೂ ಬಹುಪಾಲು ನಿಮ್ಮದೇ.

ಈಗ ಲೆಕ್ಕ. ಎಣಿಕೆ ಸುಲಭವಾಗಲೆಂದು ಅಪ್ಪಟ ಚಿನ್ನಕ್ಕೆ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅಡ್ಡಿಕೆಯ ತೂಕ 50 ಗ್ರಾಂ. ಅದರಲ್ಲಿ ಕಲ್ಲು, ಅರಗು, ದಾರ ಸೇರಿ 8 ಗ್ರಾಂ. ಉಳಿದ ಲೋಹ 42 ಗ್ರಾಂ. ಪರೀಕ್ಷೆಯಲ್ಲಿ ಅದು 20 ಕ್ಯಾರಟ್ಟೆಂದು ತಿಳಿದರೆ, ಅಪ್ಪಟ ಚಿನ್ನ 35 ಗ್ರಾಂ. ಬೆಲೆ 3,50,000 ರೂಪಾಯಿ. ಕರಗಿಸುವಾಗಿನ ಸವಕಳಿಗೆಂದು ಅಂಗಡಿಯವನು ಶೇಕಡ 2 ಕಳೆದರೆ ಕೈಗೆ ಬರುವುದು 3,43,000.

ಎರಡನೆಯ ದಾರಿ ಹೇಗೆ? ಹಳೆಯ ಕೆಲಸದ ಚೆಲುವಿಗೆ ಮಾರುಹೋದ ಗಿರಾಕಿ, ಅವನು ತೆರುವ ತೆರಿಗೆಯನ್ನು ಬಿಟ್ಟು, 4,20,000 ಕೊಟ್ಟನೆನ್ನೋಣ. ಕಮಿಷನ್ ಶೇಕಡ 15 ಎಂದರೆ 63,000. ಆ ಕಮಿಷನ್ ಮೇಲೆ ಶೇಕಡ 18ರ ಜಿಎಸ್‌ಟಿ 11,340. ಮೆರುಗು ಹಾಕಿಸಿ, ಸಡಿಲವಾದ ಕಲ್ಲು ಕೂರಿಸಿದ್ದಕ್ಕೆ 3,000. ಎಲ್ಲವನ್ನೂ ಕಳೆದರೆ ಉಳಿಯುವುದು 3,42,660. ನೇರ ಮಾರಾಟಕ್ಕಿಂತ 340 ರೂಪಾಯಿ ಕಡಮೆ! ಬೆಲೆ 77,000 ಹೆಚ್ಚು ಬಂದರೂ ಅದಷ್ಟೂ ದಾರಿಯಲ್ಲೇ ಇಂಗಿಹೋಯಿತು. ಮೇಲಾಗಿ ಗಿರಾಕಿಗಾಗಿ ತಿಂಗಳುಗಟ್ಟಲೆ ಕಾದದ್ದು ಬೇರೆ. ಇದು ಉದಾಹರಣೆಗೆ ಕಟ್ಟಿಕೊಂಡ ಲೆಕ್ಕ; ದರಗಳು ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತವೆ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: “ಎಷ್ಟಕ್ಕೆ ಮಾರುತ್ತೀರಿ?” ಎಂದಲ್ಲ, “ನನ್ನ ಕೈಗೆ ಎಷ್ಟು ಬರುತ್ತದೆ?” ಎಂದು.

ಹಾಗಾದರೆ ಕಮಿಷನ್ ಮಾರಾಟ ಎಂದಿಗೂ ಬೇಡವೆ? ಹಾಗಲ್ಲ. ಚಿನ್ನದ ಬೆಲೆಗಿಂತ ಕಲ್ಲಿನ ಬೆಲೆ, ಕೆಲಸದ ಬೆಲೆ ಬಹಳ ಮೇಲಾಗಿರುವ ಒಡವೆಗೆ ಇದು ತಕ್ಕ ದಾರಿ. ಒಳ್ಳೆಯ ವಜ್ರದ ಓಲೆ, ಹಳೆಯ ಕುಸುರಿಯ ವಂಕಿ, ಜಡೆಬಿಲ್ಲೆ, ಇಂಥವನ್ನು ಮೂಸೆಗೆ ಹಾಕಿದರೆ ಅಕ್ಕಸಾಲಿಯ ಕೈಚಳಕಕ್ಕೆ ಕಾಸೂ ಹುಟ್ಟುವುದಿಲ್ಲ. ಸಾದಾ ಬಳೆ, ಸರಗಳಿಗೆ ಮಾತ್ರ ಕಮಿಷನ್ ತೆತ್ತು ಕಾಯುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಯ ವಿಷಯದಲ್ಲಿ ಎರಡು ಮಾತು. ಒಡವೆ ಮಾಡಿಸಿದ ವರ್ಷವನ್ನು ಮನೆಯ ಹಿರಿಯರಲ್ಲಿ ಕೇಳಿ ತಿಳಿದುಕೊಳ್ಳಿ. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದಾಗ 14 ಕ್ಯಾರಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡುವುದು ನಿಷಿದ್ಧವಾಗಿತ್ತು. ಆ ಕಟ್ಟು 1966ರಲ್ಲಿ ಸಡಿಲವಾಯಿತು. ಆ ನಡುವಿನ ಮದುವೆಯ ಒಡವೆ 22 ಕ್ಯಾರಟ್ಟೆಂದು ಲೆಕ್ಕ ಹಾಕಿ ಹೊರಟರೆ ಅಂಗಡಿಯಲ್ಲಿ ಮುಖ ಸಪ್ಪೆಯಾದೀತು. ಎರಡನೆಯದು ಹಾಲ್‌ಮಾರ್ಕ್. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಇದು ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಇಲ್ಲದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಕುಂದಣದಂಥ ಕೆಲವು ಬಗೆಗಳಿಗೆ ವಿನಾಯಿತಿ ಉಂಟು. ಗುರುತಿಲ್ಲದ ಹಳೆಯ ಒಡವೆಯನ್ನು ನೀವು ಅಂಗಡಿಗೆ ಮಾರಲು ಅಡ್ಡಿಯಿಲ್ಲ. ಆದರೆ ಅಂಗಡಿಯವನು ಅದನ್ನು ಇದ್ದಂತೆಯೇ ಇನ್ನೊಬ್ಬರಿಗೆ ಮಾರಬೇಕಾದರೆ ಗುರುತು ಹಾಕಿಸಬೇಕು. ಬೆಸುಗೆ ಬಹಳವಾಗಿರುವ ಹಳೆಯ ಒಡವೆ ಆ ಪರೀಕ್ಷೆಯಲ್ಲಿ ನಿಲ್ಲದೆಯೂ ಹೋಗಬಹುದು. “ಗುರುತು ಹಾಕಿಸುವವರು ಯಾರು? ಖರ್ಚು ಯಾರದು? ನಿಲ್ಲದಿದ್ದರೆ ಏನು?” ಇದನ್ನು ಮೊದಲೇ ಕೇಳಿ.

ಇನ್ನು ಕಾನೂನಿನ ಮಾತು, ಬೇಸರಿಸದೆ ಕೇಳಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಇನ್ನೊಬ್ಬರ ಸೊತ್ತನ್ನು ಇಟ್ಟುಕೊಂಡವನು, ವಿವೇಕಿಯಾದವನು ತನ್ನ ಸೊತ್ತನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು. ಅಷ್ಟು ಜಾಗ್ರತೆ ವಹಿಸಿಯೂ ಕಳವಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ ಅವನು ಹೊಣೆಯಲ್ಲ. ಆದ್ದರಿಂದ ವಿಮೆಯ ಮಾತು ಬರವಣಿಗೆಯಲ್ಲಿರಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಿಮ್ಮ ಒಪ್ಪಿಗೆಯಿಂದ ಒಡವೆಯನ್ನು ಪಡೆದ ವ್ಯಾಪಾರಿಯು ವ್ಯವಹಾರದ ವಾಡಿಕೆಯಲ್ಲಿ ಅದನ್ನು ಮಾರಿದರೆ, ಏನನ್ನೂ ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ 1930ರ ಸರಕು ಮಾರಾಟ ಕಾಯಿದೆ ರಕ್ಷಣೆ ಕೊಡುತ್ತದೆ. ನಿಮಗೆ ಹಣ ಬಾರದಿದ್ದರೂ ಒಡವೆಯನ್ನು ಕೊಂಡವನಿಂದ ಮರಳಿ ಪಡೆಯುವುದು ಕಷ್ಟ. ನಿಮ್ಮ ಜಗಳವೆಲ್ಲ ಅಂಗಡಿಯವನೊಡನೆ. ಅವನು ಅದನ್ನು ಗಿರವಿ ಇಟ್ಟರೂ ಇಂಥದೇ ತೊಡಕು. ನಂಬಿಕೆ ಒಳ್ಳೆಯದು, ರಸೀದಿ ಇನ್ನೂ ಒಳ್ಳೆಯದು.

ಆ ರಸೀದಿಯಲ್ಲಿ ಏನೇನಿರಬೇಕು? ಕಲ್ಲುಸಹಿತ ತೂಕ, ಕಲ್ಲು ಕಳೆದ ತೂಕ, ಪರೀಕ್ಷೆಯಲ್ಲಿ ಬಂದ ಕ್ಯಾರಟ್ಟು, ಕಲ್ಲುಗಳ ಎಣಿಕೆ, ಎರಡು ಬದಿಯ ಛಾಯಾಚಿತ್ರ. ಇದಕ್ಕಿಂತ ಕೆಳಗೆ ಮಾರಬಾರದೆಂಬ ಕನಿಷ್ಠ ಬೆಲೆ. ಕಮಿಷನ್ ಎಷ್ಟು, ಯಾವ ಮೊತ್ತದ ಮೇಲೆ. ಮೆರುಗು, ದುರಸ್ತಿಗಳ ಖರ್ಚು ಯಾರದು. ಎಷ್ಟು ದಿನದ ಗಡುವು, ಮಾರಾಟವಾದ ಎಷ್ಟು ದಿನದೊಳಗೆ ಹಣ. ಗಡುವು ತೀರುವ ಮೊದಲೇ ಹಿಂದಕ್ಕೆ ಕೇಳಿದರೆ ಏನಾದರೂ ತೆರಬೇಕೆ. ಗಿರವಿ ಇಡಕೂಡದೆಂಬ ಸ್ಪಷ್ಟ ಮಾತು. ಇಷ್ಟೂ ಒಂದು ಹಾಳೆಯಲ್ಲಿ ಅಡಕವಾಗುತ್ತದೆ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಒಡವೆಯನ್ನು ಹಿಂದಕ್ಕೆ ತಂದುಬಿಡಿ.

ಆದಾಯ ತೆರಿಗೆಯನ್ನೂ ಮರೆಯಬಾರದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಒಡವೆಯನ್ನು ಮಾರಿ ಬಂದ ಲಾಭಕ್ಕೆ, 2024ರ ಜುಲೈ 23ರಿಂದ, ಶೇಕಡ 12.5ರ ತೆರಿಗೆ. ಅತ್ತೆಯಿಂದಲೋ ತಾಯಿಯಿಂದಲೋ ಬಳುವಳಿಯಾಗಿ ಬಂದದ್ದಾದರೆ ಅವರ ಕೈಯಲ್ಲಿದ್ದ ಕಾಲವೂ ಲೆಕ್ಕಕ್ಕೆ ಸೇರುತ್ತದೆ; 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಅಂದಿನ ಪೇಟೆಯ ಬೆಲೆಯನ್ನೇ ಅಸಲೆಂದು ಹಿಡಿಯಬಹುದು. ಮಾರಾಟಕ್ಕಾಗಿ ಕೊಟ್ಟ ಕಮಿಷನ್ನನ್ನು ಲಾಭದಿಂದ ಕಳೆಯಬಹುದು. ಅದಕ್ಕಾಗಿ ಚೀಟಿ ಜೋಪಾನವಾಗಿರಲಿ. ಎರಡು ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಬ್ಯಾಂಕಿನ ಮೂಲಕವೇ ಪಡೆಯಿರಿ.

ಕೊನೆಯದಾಗಿ ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಒಡವೆ ಯಾರದು? ಸ್ತ್ರೀಧನವು ಹೆಣ್ಣಿನ ಸ್ವಂತ ಸೊತ್ತು. ಗಂಡನ ಮನೆಯವರ ಕೈಯಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪಿತ್ತಿದೆ. ಮನೆಗೆ ಕಷ್ಟ ಬಂದಾಗ ಮೊದಲು ನೆನಪಾಗುವುದು ಆಕೆಯ ಕೊರಳು. ಕೊಡುವುದೂ ಬಿಡುವುದೂ ಆಕೆಯ ಇಷ್ಟ. ರಸೀದಿಯೂ ಆಕೆಯ ಹೆಸರಿನಲ್ಲೇ ಆಗಲಿ, ಹಣವೂ ಆಕೆಯ ಖಾತೆಗೇ ಸೇರಲಿ.

ನಮ್ಮ ಅಜ್ಜಿ ಲೆಕ್ಕವನ್ನೆಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಾರಿದರೂ ಅಷ್ಟೆ, ಕಾದರೂ ಅಷ್ಟೆ ಅಂದಮೇಲೆ ಇದು ಮನೆಯಲ್ಲೇ ಇರಲಿ. ಮೊದಲ ಕಂತಿಗೆ ಬಳೆಗಳೇ ಸಾಕು” ಎಂದು ಅಡ್ಡಿಕೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಮರುದಿನ ಸವೆದು ತೆಳ್ಳಗಾಗಿದ್ದ ಎರಡು ಬಳೆಗಳನ್ನು ಅವರ ಕಣ್ಣೆದುರಿಗೇ ತೂಗಿಸಿ ಮಾರಿದೆವು. ತಕ್ಕಡಿಯ ಅಂಕಿಯನ್ನು ಅಜ್ಜಿಯೇ ಓದಿ ಹೇಳಿದರು.