ಐವತ್ತೆರಡು ವಾರದ ಬಾಡಿಗೆ

ನಮ್ಮಲ್ಲಿ ಯಾವ ಬಂಧುಬಳಗ ತೆಗೆದುಕೊಂಡರೂ ಅಲ್ಲೊಬ್ಬ ರ‍್ಯಾಂಕ್ ಮಾವ ಇದ್ದೇ ಇರುತ್ತಾರೆ. ಎಂದೋ ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದವರು. ಆಮೇಲೆ ಅವರೇನು ಮಾಡಿದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೂ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಅವರ ಪರಿಚಯ ಆಗುವುದು ಈಗಲೂ ಆ ರ‍್ಯಾಂಕಿನಿಂದಲೇ. ಮಾವನ ತಲೆ ನರೆತಿದೆ, ಹಲ್ಲು ಹೋಗಿದೆ, ರ‍್ಯಾಂಕಿಗೆ ಮಾತ್ರ ಮುಪ್ಪಿಲ್ಲ. ಅದೇ ಪಂಕ್ತಿಯ ತುದಿಯಲ್ಲಿ ಇನ್ನೊಬ್ಬರು ತಲೆ ತಗ್ಗಿಸಿ ಸಾರನ್ನ ಕಲೆಸುತ್ತಿರುತ್ತಾರೆ. ಅದೇ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದವರು. ಈಗ ಅವರದು ಎರಡು ಅಂಗಡಿ, ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾರೆ. ಡುಮ್ಕಿಯೂ ಅಳಿಸಿಲ್ಲ.

ಮೊನ್ನೆ ಮೊನ್ನೆ ಫಲಿತಾಂಶ ಬಂದು ಕುಣಿಯುತ್ತಿರುವವರಿಗೂ, ಕದ ಹಾಕಿಕೊಂಡು ಕೂತವರಿಗೂ ಒಂದು ಆಟದ ಲೆಕ್ಕಪತ್ರ ತೋರಿಸಬೇಕು ಅನ್ನಿಸಿತು.

ವೃತ್ತಿಪರ ಟೆನಿಸ್‌ನಲ್ಲೂ ರ‍್ಯಾಂಕಿಂಗ್ ಇದೆ, ಆದರೆ ಅದು ಸ್ವಂತ ಮನೆಯಲ್ಲ, ಬಾಡಿಗೆ ಮನೆ. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮಾಡುತ್ತಾರಲ್ಲ, ಹಾಗೆ ಅಲ್ಲಿಯದು 52 ವಾರಕ್ಕೆ. ಈ ವಾರ ಒಂದು ಟೂರ್ನಿ ಗೆದ್ದು ಗಳಿಸಿದ ಪಾಯಿಂಟು ಮುಂದಿನ ವರ್ಷ ಇದೇ ವಾರ ಖಾತೆಯಿಂದ ಹೊರಟುಹೋಗುತ್ತದೆ. ಅಷ್ಟನ್ನು ಮತ್ತೆ ಆಡಿ ಗಳಿಸಿದರೆ ಇದ್ದ ಜಾಗದಲ್ಲಿ ಉಳಿದಿರಿ. ಗಳಿಸದಿದ್ದರೆ ಬೆಳಗಾಗುವಷ್ಟರಲ್ಲಿ ಐವತ್ತು, ನೂರು ಮೆಟ್ಟಿಲು ಕೆಳಗೆ. ಆಟಗಾರರು ಇದಕ್ಕೆ ‘ಡಿಫೆಂಡ್ ಮಾಡೋದು’ ಅನ್ನುತ್ತಾರೆ. ಕೆಳಮಟ್ಟದ 15 ಸಾವಿರ ಡಾಲರ್ ಟೂರ್ನಿ ಗೆದ್ದವನಿಗೆ ಸಿಗುವುದು 15 ಪಾಯಿಂಟ್, ವಿಂಬಲ್ಡನ್ ಗೆದ್ದವನಿಗೆ 2000. ಎರಡರ ಆಯಸ್ಸೂ ಒಂದೇ. ವಿಂಬಲ್ಡನ್ ಚಾಂಪಿಯನ್ ಆಗಿದ್ದೆ ಎಂದರೂ ಆ ಮನೆಯ ಯಜಮಾನ ಬಾಡಿಗೆ ಮನ್ನಾ ಮಾಡುವುದಿಲ್ಲ.

ಈ ಕರಾರಿನ ಕೆಳಗೆ ಬದುಕು ಕಟ್ಟಿದ ಒಬ್ಬ ಹುಡುಗ ಸುಮಿತ್ ನಾಗಲ್. 1997ರ ಆಗಸ್ಟ್ 16ರಂದು ಹರಿಯಾಣದ ಝಜ್ಜರ್ ಜಿಲ್ಲೆಯಲ್ಲಿ ಹುಟ್ಟಿದವನು. ಕುಸ್ತಿಪಟು ಬಜರಂಗ್ ಪುನಿಯಾ, ಶೂಟರ್ ಮನು ಭಾಕರ್ ಹುಟ್ಟಿದ ಜಿಲ್ಲೆಯೂ ಅದೇ. ಕುಸ್ತಿಯ ಅಖಾಡಕ್ಕೆ ಬರವಿಲ್ಲದ ಆ ಸೀಮೆಯಲ್ಲಿ ಟೆನಿಸ್ ಎಂದರೆ ಟಿವಿಯಲ್ಲಿ ಬರುವ ವಸ್ತು. ಅಪ್ಪ ಸೈನ್ಯದಲ್ಲಿದ್ದು, ಮೇಷ್ಟ್ರಾಗಿ ದುಡಿದವರು. ಮಗನ ಆಟಕ್ಕಾಗಿ ಸಂಸಾರ ದೆಹಲಿಗೆ ಬಂತು. ಆ ಹೊತ್ತಿಗೆ ಡಬಲ್ಸ್ ತಾರೆ ಮಹೇಶ್ ಭೂಪತಿ ಒಂದು ದೊಡ್ಡ ಕನಸು ಹೊತ್ತು ದೇಶದ ಮಕ್ಕಳನ್ನು ಜಾಲಾಡುತ್ತಿದ್ದರು. 2018ರೊಳಗೆ ಭಾರತದಿಂದ ಒಬ್ಬ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಚಾಂಪಿಯನ್ ಬರಬೇಕು ಎಂಬ ಕನಸು. ಯೋಜನೆಯ ಹೆಸರೇ ‘ಮಿಷನ್ 2018’. ಆಯ್ಕೆಯ ದಿನ ಹತ್ತರ ಆಸುಪಾಸಿನ ಈ ಪೋರ ನೇರವಾಗಿ ಹೋಗಿ ಭೂಪತಿಯವರ ಕೈ ಹಿಡಿದು ಜಗ್ಗಿ, ನನ್ನ ಆಟ ನೋಡಿ ಎಂದು ಕರೆದನಂತೆ.

ಆ ಕೈ ಜಗ್ಗಿದ ಫಲವೇ ಬೆಂಗಳೂರು. ನಮ್ಮ ಮಕ್ಕಳು ಆ ವಯಸ್ಸಿನಲ್ಲಿ ಅಜ್ಜಿ ಮನೆಗೆ ಹೋಗಿ ಎರಡು ರಾತ್ರಿ ಕಳೆಯುವುದರಲ್ಲಿ ಅಮ್ಮ ಬೇಕೆಂದು ಮುಖ ಸಣ್ಣ ಮಾಡುತ್ತಾರೆ. ಇವನು ಭಾಷೆ ಬಾರದ, ಊಟ ಒಗ್ಗದ ಊರಿಗೆ ಬಂದು ಅಕಾಡೆಮಿ ಸೇರಿದ. ಬಂದು ಎರಡು ವರ್ಷ ಆಗುವಷ್ಟರಲ್ಲಿ ಯೋಜನೆಯೇ ನಿಂತಿತು. ಭೂಪತಿ ಕೈ ಬಿಡಲಿಲ್ಲ, ತಾವೇ ನಿಂತು ನೋಡಿಕೊಂಡರು. ಕೆನಡಾ, ಆಮೇಲೆ ಜರ್ಮನಿ, ಹೀಗೆ ಹುಡುಗ ಸೂಟ್‌ಕೇಸಿನಲ್ಲೇ ಬೆಳೆದ. ಎತ್ತರ ಮಾತ್ರ ಐದು ಅಡಿ ಹತ್ತು ಇಂಚಿಗೆ ನಿಂತಿತು. ಆರೂವರೆ ಅಡಿಯವರು ಮರದ ಮೇಲಿಂದ ಕಲ್ಲು ಬೀರಿದಂತೆ ಸರ್ವ್ ಮಾಡುವ ಈ ಕಾಲದಲ್ಲಿ ಅದು ಕಡಿಮೆಯೇ. ಆದ್ದರಿಂದ ಅವನು ನೆಚ್ಚಿದ್ದು ಕಾಲನ್ನು, ಫೋರ್‌ಹ್ಯಾಂಡನ್ನು, ಚೆಂಡು ನಿಧಾನವಾಗಿ ಪುಟಿಯುವ ಆವೆಮಣ್ಣಿನ ಅಂಕಣವನ್ನು.

2015ರಲ್ಲಿ ವಿಯೆಟ್ನಾಮಿನ ಲೀ ಹುವಾಂಗ್ ನಾಮ್ ಜತೆ ಸೇರಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದ. ಫೈನಲ್ಲಿನಲ್ಲಿ ನೆಟ್‌ನ ಆಚೆ ನಿಂತವರಲ್ಲಿ ಒಬ್ಬ ಹೆಚ್ಚುಕಡಿಮೆ ಏಳಡಿಯ ರೈಲಿ ಒಪೆಲ್ಕಾ. ಪತ್ರಿಕೆಗಳಲ್ಲಿ ಫೋಟೊ ಬಂತು, ಸಂಭ್ರಮವಾಯಿತು. ಆದರೆ ಬಾಲಕರ ಪಾಯಿಂಟು ಬಾಲಕರ ಖಾತೆಗೆ. ದೊಡ್ಡವರ ಪಟ್ಟಿಯಲ್ಲಿ ತಳದಿಂದಲೇ ಹತ್ತಬೇಕು.

ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಕಾಡುವುದು ನಮ್ಮ ಕಬ್ಬನ್ ಪಾರ್ಕಿನೊಳಗಿನ ಟೆನಿಸ್ ಅಂಕಣದಲ್ಲಿ ನಡೆದದ್ದು. 2017ರ ನವೆಂಬರ್, ಬೆಂಗಳೂರು ಓಪನ್ ಚಾಲೆಂಜರ್. ಚಾಲೆಂಜರ್ ಎಂದರೆ ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ. ಸೆಮಿಫೈನಲ್ಲಿನಲ್ಲಿ ಯೂಕಿ ಭಾಂಬ್ರಿಯನ್ನು, ಫೈನಲ್ಲಿನಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್‌ನನ್ನು ಸೋಲಿಸಿ ಇಪ್ಪತ್ತರ ನಾಗಲ್ ತನ್ನ ಮೊದಲ ಚಾಲೆಂಜರ್ ಕಪ್ ಎತ್ತಿದ. ಬಾಲ್ಯದಲ್ಲಿ ಬೆವರು ಸುರಿಸಿದ ಊರಿನಲ್ಲೇ ಮೊದಲ ಫಸಲು. ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಬರೆದು ಪರದೆ ಎಳೆಯುತ್ತಿದ್ದರು.

ಬದುಕು ಇನ್ನೊಂದು ವರ್ಷ ಕಾಯಿತು. 2018ರ ನವೆಂಬರಿನಲ್ಲಿ ಅದೇ ಟೂರ್ನಿ, ಅದೇ ಅಂಕಣ. ಕಪ್ ಈ ಸಲ ಪ್ರಜ್ಞೇಶ್ ಗುಣೇಶ್ವರನ್ ಕೈಯಲ್ಲಿತ್ತು. ಹಿಂದಿನ ವರ್ಷ ಗೆದ್ದ ಪಾಯಿಂಟು ನಾಗಲ್ ಖಾತೆಯಿಂದ ಜಾರಿತು. ಗಾಯ, ಮೊದಲ ಸುತ್ತಿನ ಸೋಲುಗಳು ಸಾಲುಗಟ್ಟಿದ ಆ ವರ್ಷದ ಕೊನೆಗೆ ರ‍್ಯಾಂಕಿಂಗ್ ಮುನ್ನೂರರಾಚೆ. ಗ್ರ್ಯಾಂಡ್‌ಸ್ಲಾಮ್ ಚಾಂಪಿಯನ್ ಬರಬೇಕೆಂದು ಹೆಸರಿನಲ್ಲೇ ಬರೆದಿಟ್ಟಿದ್ದ 2018 ಬಂದದ್ದು ಹೀಗೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಗ್ರ್ಯಾಂಡ್‌ಸ್ಲಾಮ್‌ನ ಮುಖ್ಯ ಸುತ್ತಿನಲ್ಲಿ 128 ಜನ ಆಡುತ್ತಾರೆ. ರ‍್ಯಾಂಕಿಂಗ್ ನೋಡಿ ನೇರವಾಗಿ ಒಳಗೆ ಬಿಡುವುದು 104 ಮಂದಿಯನ್ನು. 8 ಜನಕ್ಕೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರ ನೇರ ಆಹ್ವಾನ. ಉಳಿದ 16 ಜಾಗಕ್ಕೆ ಮತ್ತೆ 128 ಜನ ಮೂರು ಸುತ್ತು ಹೊಡೆದಾಡಬೇಕು. ಅದಕ್ಕೇ ಆಟಗಾರರ ಬಾಯಲ್ಲಿ ಸದಾ ‘ಟಾಪ್ ಹಂಡ್ರೆಡ್’ ಎಂಬ ಜಪ. ಆ ಗೆರೆಯ ಒಳಗಿದ್ದವನು ಮೊದಲ ಸುತ್ತಿನಲ್ಲೇ ಸೋತರೂ ವರ್ಷಕ್ಕೆ ನಾಲ್ಕು ಸಲ ಅವನ ಕೈಗೆ ದೊಡ್ಡ ಮೊತ್ತ ಬರುತ್ತದೆ. ಕೋಚಿಗೆ ಸಂಬಳ, ವಿಮಾನ, ಫಿಸಿಯೊ, ರ‍್ಯಾಕೆಟ್ಟಿನ ಗಟ್ಟಿಂಗ್ ಎಲ್ಲ ಅದರಲ್ಲೇ ನಡೆಯಬೇಕು. ಗೆರೆಯ ಹೊರಗಿದ್ದವನಿಗೆ ಆಟ ಕಷ್ಟವೋ ಖರ್ಚು ಕಷ್ಟವೋ ಹೇಳುವುದು ಕಷ್ಟ.

2019ರ ಆಗಸ್ಟಿನಲ್ಲಿ ನಾಗಲ್ ಹೋದದ್ದು ಹೊರಗಿನ ಸಾಲಿನಲ್ಲೇ. ಆಗ ಅವನದು 190ನೇ ರ‍್ಯಾಂಕಿಂಗ್. ಅಮೆರಿಕ ಓಪನ್ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಬ್ರೆಜಿಲಿನ ಜೊವಾವ್ ಮೆನೆಜಸ್ ಎದುರು ಮೊದಲ ಸೆಟ್ ಕೈಬಿಟ್ಟು ಹೋಗಿತ್ತು. ಉಳಿದೆರಡನ್ನು ಗೆದ್ದು ಒಳಗೆ ಬಂದ. ಬಂದವನಿಗೆ ಸಿಕ್ಕ ಎದುರಾಳಿ ರೋಜರ್ ಫೆಡರರ್, ಅದೂ ಆರ್ಥರ್ ಆ್ಯಶ್ ಕ್ರೀಡಾಂಗಣದಲ್ಲಿ, ರಾತ್ರಿಯ ಬೆಳಕಿನಲ್ಲಿ. ಆಗಸ್ಟ್ 26ರ ಆ ರಾತ್ರಿ ಮೊದಲ ಸೆಟ್ 6-4, ನಾಗಲ್‌ಗೆ. ಭಾರತದಲ್ಲಿ ಬೆಳಗಿನ ಜಾವ ಎದ್ದು ಟಿವಿ ಹಾಕಿದವರು ಕಣ್ಣುಜ್ಜಿಕೊಂಡರು. ಮುಂದಿನ ಮೂರು ಸೆಟ್ ಫೆಡರರ್ ಪಾಲಾದವು, ಅದರಲ್ಲಿ ಅಚ್ಚರಿಯಿಲ್ಲ.

ಆ ಒಂದು ಸೆಟ್ಟನ್ನೇ ಹಿಡಿದುಕೊಂಡು ಜೀವನಪೂರ್ತಿ ಮದುವೆ ಮನೆಯಲ್ಲಿ ಕೂರಬಹುದಿತ್ತು, ನಮ್ಮ ರ‍್ಯಾಂಕ್ ಮಾವನ ಹಾಗೆ. ಫೆಡರರ್ ಕೈಯಿಂದ ಸೆಟ್ ಕಿತ್ತವನು ಎಂಬ ಬಿರುದು ಯಾವ ಕಾಲಕ್ಕೂ ಸಾಲುತ್ತದೆ. ಆದರೆ ಆ ಸೆಟ್ಟಿಗೆಂದು ಖಾತೆಗೆ ಬಂದ ಪಾಯಿಂಟ್ ಸೊನ್ನೆ. ಟೆನಿಸ್‌ನಲ್ಲಿ ಸೆಟ್ಟಿಗೆ ಪಾಯಿಂಟಿಲ್ಲ. ಹುಡುಗ ಚೀಲ ಹೆಗಲಿಗೇರಿಸಿ ದಕ್ಷಿಣ ಅಮೆರಿಕಕ್ಕೆ ಹೋದ. ಅಲ್ಲಿ ಆವೆಮಣ್ಣು, ಸಣ್ಣ ಗ್ಯಾಲರಿ, ಎದುರಿಗೆ ಅದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಆಟಗಾರರು. ಸೆಪ್ಟೆಂಬರ್ ಮುಗಿಯುವ ಮೊದಲು ಬ್ಯೂನಸ್ ಐರಿಸ್ ಚಾಲೆಂಜರ್ ಗೆದ್ದ. ನನ್ನ ಮಟ್ಟಿಗೆ ನ್ಯೂಯಾರ್ಕಿನ ರಾತ್ರಿಗಿಂತ ಈ ವಾರ ದೊಡ್ಡದು. ಚಪ್ಪಾಳೆ ನಿಂತು ಕೆಲವು ವಾರಗಳಾದ ಮೇಲೆ ನೀವು ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿಕೊಳ್ಳಿ.

ಮುಂದೆಯೂ ದಾರಿ ನೆಟ್ಟಗೆ ಹೋಗಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೆನಿಸ್ ಇಸ್ತೊಮಿನ್‌ನನ್ನು ಮಣಿಸಿದ. ಒಲಿಂಪಿಕ್ಸ್ ಪುರುಷರ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಪಂದ್ಯ ಗೆದ್ದು 25 ವರ್ಷವಾಗಿತ್ತು, 1996ರ ಲಿಯಾಂಡರ್ ಪೇಸ್ ನಂತರ ಇದೇ ಮೊದಲು. ಅದೇ 2021ರ ನವೆಂಬರಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆ. ತಿಂಗಳುಗಟ್ಟಲೆ ಆಟವಿಲ್ಲ. ಕರಾರು ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು, ವಾರ ವಾರವೂ ಹಳೆಯ ಪಾಯಿಂಟು ಉದುರುತ್ತಲೇ ಇದ್ದವು. 2022 ಮುಗಿಯುವಾಗ ರ‍್ಯಾಂಕಿಂಗ್ ಐನೂರರ ಆಚೆ ಬಿದ್ದಿತ್ತು.

2023ರ ಸೆಪ್ಟೆಂಬರಿನಲ್ಲಿ ಅವನು ಸುದ್ದಿಸಂಸ್ಥೆಯೊಂದರ ಮುಂದೆ ತನ್ನ ಬ್ಯಾಂಕ್ ಪಾಸ್‌ಬುಕ್ ಬಿಚ್ಚಿಟ್ಟ. ಖಾತೆಯಲ್ಲಿ ಉಳಿದದ್ದು 900 ಯೂರೊ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 80 ಸಾವಿರ ರೂಪಾಯಿ. ಒಬ್ಬ ಕೋಚ್ ಇಟ್ಟುಕೊಂಡು ವರ್ಷವಿಡೀ ತಿರುಗಲು ಕೋಟಿಯ ಹತ್ತಿರ ಖರ್ಚು. ಬಹುಮಾನ, ಸಂಬಳ, ನೆರವು ಎಲ್ಲವೂ ಅದಕ್ಕೇ ಸುರಿದಿತ್ತು. ಆಗ ಅವನು ಸಿಂಗಲ್ಸ್‌ನಲ್ಲಿ ದೇಶದ ನಂಬರ್ ಒನ್. ಛಲ ಒಂದಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ಭಾಷಣ ಬಿಗಿಯುವವರಿಗೆ ಈ ಪಾಸ್‌ಬುಕ್ ತೋರಿಸಿ. ಛಲಕ್ಕೂ ಊಟ ಬೇಕು, ವಿಮಾನದ ಟಿಕೆಟ್ಟು ಬೇಕು. ಹಣದ ಮಾತಾಡಲು ನಾಚಬೇಡಿ. ಅವನು ನಾಚಲಿಲ್ಲ, ಬಾಯಿಬಿಟ್ಟು ಹೇಳಿದ ಮೇಲೆಯೇ ಕೈಹಿಡಿಯುವವರೂ ಬಂದರು.

ಈಗ ಆ ಕರಾರನ್ನು ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ನೋಡಿ. ಗೆದ್ದ ಪಾಯಿಂಟು 52 ವಾರಕ್ಕೆ ಹೋಗುತ್ತದೆ, ಸರಿ. ಹೋದ ವರ್ಷ ಈ ವಾರ ಏನೂ ಗೆಲ್ಲದವನ ಕಥೆ? ಅವನ ಖಾತೆಯಿಂದ ಕಳೆಯಲು ಏನೂ ಇಲ್ಲ. ಈ ವಾರ ಅವನು ಗೆದ್ದದ್ದೆಲ್ಲ ಕೂಡಿಕೆಯೇ. ಶಸ್ತ್ರಚಿಕಿತ್ಸೆಯ ನಂತರದ ವರ್ಷ ನಾಗಲ್‌ಗೆ ಹೀಗೊಂದು ವಿಚಿತ್ರ ಉಡುಗೊರೆ ಬಿಟ್ಟುಹೋಗಿತ್ತು, ಕಾಪಾಡಿಕೊಳ್ಳಬೇಕಾದ್ದು ಹೆಚ್ಚೇನೂ ಇಲ್ಲದ 2023. ರೋಮ್‌ನಲ್ಲಿ ಚಾಲೆಂಜರ್ ಗೆದ್ದ, ಫಿನ್ಲೆಂಡಿನ ಟಾಂಪೆರೆಯಲ್ಲಿ ಇನ್ನೊಂದು. ಇವತ್ತು ಕದ ಹಾಕಿಕೊಂಡು ಕೂತಿದ್ದೀರಲ್ಲ, ನಿಮಗೇ ಈ ಮಾತು. ಊರಿಗೆ ಮೊದಲು ಬಂದ ನಿಮ್ಮ ಗೆಳತಿಗೆ ಮುಂದಿನ ವರ್ಷ ಡಿಫೆಂಡ್ ಮಾಡುವ ಭಾರವಿದೆ. ನಿಮ್ಮ ಹೆಗಲ ಮೇಲೆ ಅದಿಲ್ಲ. ಇಷ್ಟು ಹಗುರವಾದ ಸೋಮವಾರ ಮತ್ತೆ ಸಿಕ್ಕುವುದಿಲ್ಲ, ಕದ ತೆಗೆಯಿರಿ.

2024ರ ಜನವರಿ. ಮೆಲ್ಬರ್ನ್‌ನಲ್ಲೂ ಅವನು ಬಂದದ್ದು ಹಿಂಬಾಗಿಲಿನ ಮೂರು ಸುತ್ತು ಗೆದ್ದೇ. ಮುಖ್ಯ ಸುತ್ತಿನ ಮೊದಲ ಪಂದ್ಯ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಎದುರು. 6-4, 6-2, 7-6. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನನ್ನು ಭಾರತದ ಪುರುಷ ಆಟಗಾರ ಸೋಲಿಸಿದ್ದು 35 ವರ್ಷಗಳ ನಂತರ. ಹಿಂದೆ 1989ರಲ್ಲಿ ಇದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ರಮೇಶ್ ಕೃಷ್ಣನ್, ಆಗಿನ ನಂಬರ್ ಒನ್ ಮ್ಯಾಟ್ಸ್ ವಿಲಾಂಡರ್‌ನನ್ನು ಕೆಡವಿದ್ದರು. ಎರಡನೇ ಸುತ್ತು ತಲುಪಿದ್ದಕ್ಕೆ 1 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್. 900 ಯೂರೊ ಹೇಳಿಕೊಂಡು ನಾಲ್ಕು ತಿಂಗಳಾಗಿತ್ತು. ಮುಂದಿನ ತಿಂಗಳು ಚೆನ್ನೈ ಚಾಲೆಂಜರ್ ಗೆದ್ದು 98ನೇ ಜಾಗಕ್ಕೆ, ಅಂದರೆ ಗೆರೆಯ ಒಳಕ್ಕೆ ಬಂದ. ಜುಲೈ ಹೊತ್ತಿಗೆ 68.

ಮತ್ತೆ ಬಂತು ಜನವರಿ. 2025ರ ಮೆಲ್ಬರ್ನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋಲು, ಪಾಯಿಂಟು ಜಾರಿತು, ನೂರರ ಗೆರೆ ಮತ್ತೆ ಮೇಲಾಯಿತು. ನೋಡಿ, ಇಷ್ಟೇ ಆಯ್ತಲ್ಲ ಎಂದವರಿದ್ದಾರೆ. ಅವರಿಗೆ ಬಾಡಿಗೆ ಮನೆಯ ಲೆಕ್ಕ ಗೊತ್ತಿಲ್ಲ. ನಾಗಲ್ ಪಾತ್ರೆಪಗಡ ಕಟ್ಟಿಕೊಂಡು ಮತ್ತೆ ಚಾಲೆಂಜರ್ ಬೀದಿಗೆ ಇಳಿದ, ಹಿಂದೆ ಎಷ್ಟೋ ಸಲ ಇಳಿದ ಹಾಗೆ.

ನಿಮ್ಮಲ್ಲಿ ರ‍್ಯಾಕೆಟ್ ಹಿಡಿಯುವವರು ಕಡಿಮೆ ಇರಬಹುದು. ಯಕ್ಷಗಾನದ ಗೆಜ್ಜೆ ಕಟ್ಟುವವರಿದ್ದೀರಿ, ಕೋಡ್ ಬರೆಯುವವರಿದ್ದೀರಿ, ಅಪ್ಪನ ಅಡಿಕೆ ತೋಟ ಉಳಿಸಿಕೊಳ್ಳಲು ಹೆಣಗುವವರಿದ್ದೀರಿ. ಒಂದು ಕೆಲಸ ಮಾಡಿ. ಇನ್ನೊಮ್ಮೆ ಕಬ್ಬನ್ ಪಾರ್ಕಿನಲ್ಲಿ ಟೂರ್ನಿ ನಡೆದಾಗ ಫೈನಲ್ಲಿನ ಸಂಜೆ ಬೇಡ, ಅರ್ಹತಾ ಸುತ್ತಿನ ಬೆಳಗ್ಗೆ ಹೋಗಿ. ನಿಮ್ಮ ಜತೆ ನೋಡುವವರು ಹತ್ತು ಜನವೂ ಇರಲಾರರು. ಬದಿಯ ಅಂಕಣದಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗನೋ ಹುಡುಗಿಯೋ ಸೋತು ಕೈಕುಲುಕಿ, ಬೆವರಿನ ಟವೆಲ್ಲು ಚೀಲಕ್ಕೆ ತುರುಕುತ್ತಿರುತ್ತಾರೆ. ಅವರು ಮೊಬೈಲ್ ತೆಗೆಯುತ್ತಾರೆ. ಅಳಲಿಕ್ಕೋ ಅಮ್ಮನಿಗೆ ಹೇಳಲಿಕ್ಕೋ ಇರಬೇಕು ಎಂದುಕೊಳ್ಳುತ್ತೀರಿ. ಮುಂದಿನ ವಾರ ಟೂರ್ನಿ ಇರುವ ಊರಿಗೆ ರಾತ್ರಿ ರೈಲಿನಲ್ಲಿ ಸೀಟು ಇದೆಯೇ ಎಂದು ಅವರು ನೋಡುತ್ತಿರುತ್ತಾರೆ.