ಮುತ್ತಜ್ಜನ ಪದಕ
(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಕಂಚಿನ ಪದಕವಿತ್ತು. ಅದರ ಜೊತೆಗಿದ್ದ ಬೆಳ್ಳಿಯ ಪದಕವನ್ನು ಕಷ್ಟಕಾಲದಲ್ಲಿ ಅಜ್ಜಿ ಮಾರಿದ್ದರು. ಉಳಿದದ್ದರ ಅಂಚನ್ನು ಒರೆಸಿ ನೋಡಿದಾಗ ಮುತ್ತಜ್ಜನ ಹೆಸರೂ ಅವರಿದ್ದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನ ಹೆಸರೂ ಕಂಡವು.

1918ರ ಸೆಪ್ಟೆಂಬರ್ 23ರಂದು ಈ ದಳವು ಜೋಧಪುರದ ಸವಾರರೊಡನೆ ಸೇರಿ ಪ್ಯಾಲೆಸ್ತೀನಿನ ಹೈಫಾ ನಗರವನ್ನು ತುರ್ಕರಿಂದ ಗೆದ್ದಿತು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ವಶಪಡಿಸಿಕೊಳ್ಳಲು ಏರಿಹೋದವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಪ್ರತಿನಿಧಿಗಳು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಈ ದಳದ ಸ್ಮಾರಕವಿದೆ.

"ಯುದ್ಧ ಬ್ರಿಟಿಷರದಲ್ಲವೇ ಅಬ್ಬಾ? ಎದುರಿಗಿದ್ದದ್ದು ಖಲೀಫರ ಸೈನ್ಯವಲ್ಲವೇ?" ಎಂದು ನನ್ನ ಮಗಳು ಕೇಳಿದಳು. ಎರಡೂ ನಿಜ. ಮರುವರ್ಷ, 1919ರಲ್ಲಿ, ಅದೇ ಖಲೀಫರ ಪರವಾಗಿ ನಮ್ಮ ದೇಶದಲ್ಲಿ ಖಿಲಾಫತ್ ಚಳವಳಿ ಆರಂಭವಾಯಿತು. ಉಪ್ಪಿನ ಋಣಕ್ಕೂ ಮನಸ್ಸಿನ ನೋವಿಗೂ ನಡುವೆ ಮುತ್ತಜ್ಜ ಏನು ಅನುಭವಿಸಿದರೋ! ಒಂದು ಕಾಗದವನ್ನೂ ಅವರು ಬಿಟ್ಟುಹೋಗಲಿಲ್ಲ.

ಸ್ನೇಹಿತರೇ, ಈ ಪದಕ ನಮ್ಮ ದೇಶಪ್ರೇಮಕ್ಕೆ ಪ್ರಮಾಣಪತ್ರವಲ್ಲ. ಯುದ್ಧಕ್ಕೆ ಹೋಗದೆ ಹೊಲ ಉತ್ತವರೂ ಬೀಡಿ ಕಟ್ಟಿದವರೂ ಈ ಮಣ್ಣಿನವರೇ. ಹೆಮ್ಮೆಯ ಪುಟದ ಜೊತೆಗೆ ಮುಜುಗರದ ಪುಟವನ್ನೂ ಓದುವುದೇ ಇತಿಹಾಸಜ್ಞಾನ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ. ಬೆಳ್ಳಿಯನ್ನು ಮತ್ತೆ ಕೊಳ್ಳಬಹುದು, ಹೋದ ನೆನಪನ್ನು ಕೊಳ್ಳಲಾಗದು.